ಗುಳ್ಳೆ ನೋಡುವ ಕೆಲಸ

ಮೂವತ್ತೊಂದು ವರ್ಷ ನಾನು ಸೋಪು ನೀರಿನ ಗುಳ್ಳೆ ನೋಡಿ ಸಂಬಳ ತೆಗೆದುಕೊಂಡವಳು. ಕೆ.ಆರ್. ಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆ, ಅದರ ಹಿಂಬದಿಗೆ ಬೆಸುಗೆ ಶೆಡ್ಡು, ಶೆಡ್ಡಿನ ಮೂಲೆಯಲ್ಲಿ ನಾನು, ಒಂದು ಕುಂಚ, ಒಂದು ಬಟ್ಟಲು. ಗ್ಯಾಸಿನ ಪೈಪಿರಲಿ, ಆಕ್ಸಿಜನ್ ಪೈಪಿರಲಿ, ಕೂಡಿಸಿದ ಪ್ರತಿ ಜಾಗಕ್ಕೂ ಕುಂಚದಿಂದ ಸೋಪು ನೀರು ಹಚ್ಚಬೇಕು. ಗುಳ್ಳೆ ಎದ್ದರೆ ಲೀಕು, ಏಳದಿದ್ದರೆ ಚೀಟಿಗೆ ನನ್ನ ಸಹಿ. ಹೆಂಗಸರಿಗೆ ತಾಳ್ಮೆ ಜಾಸ್ತಿ ಅಂತ ಆ ಕೆಲಸಕ್ಕೆ ಹೆಂಗಸರನ್ನೇ ಹಾಕುತ್ತಿದ್ದರು. ಹಾಗೆ ಹೇಳುತ್ತಿದ್ದ ಫೋರ್‌ಮನ್ನಿಗೆ ಒಂದು ನಟ್ಟನ್ನು ಪೂರ್ತಿ ಬಿಗಿಯುವಷ್ಟು ತಾಳ್ಮೆಯೂ ಇರಲಿಲ್ಲ. ನನಗೂ ಇರಲಿಲ್ಲ ಅನ್ನಿ. ನನಗಿದ್ದದ್ದು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವ ಚಟ. ಅದಕ್ಕೆ ಸಂಬಳವೂ ಕೊಡುತ್ತೇವೆ ಅಂದರೆ ಯಾರು ಬಿಡುತ್ತಾರೆ?

ಆ ಶೆಡ್ಡಿನಲ್ಲಿ ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದದ್ದು ಟೋಪಿ. ಬೂದು ಬಣ್ಣದ ಕಾಟನ್ ಟೋಪಿ, ಹಿಂದೆ ಎಲಾಸ್ಟಿಕ್. ಜಡೆ ಸುತ್ತಿ, ಒಂದು ಎಳೆಯೂ ಹೊರಗೆ ಕಾಣದ ಹಾಗೆ ಅದರೊಳಗೆ ತುರುಕಬೇಕು. ಯಾಕೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂದಲು ಮೆಷಿನ್ನಿಗೆ ಸಿಕ್ಕಿಕೊಂಡೀತು ಅಂತಿರಬೇಕು ಅಂದುಕೊಂಡಿದ್ದೆ. ನನ್ನ ಮೂಲೆಯಲ್ಲಿ ತಿರುಗುತ್ತಿದ್ದ ವಸ್ತು ಅಂದರೆ ಸೀಲಿಂಗ್ ಫ್ಯಾನು ಒಂದೇ. ಇಂಥ ನಿಯಮ ಮಾಡಿದವನು ಒಂದು ದಿನವಾದರೂ ಶೆಡ್ಡಿಗೆ ಕಾಲಿಟ್ಟಿದ್ದನೇ ಅಂತ ಮೂವತ್ತೊಂದು ವರ್ಷ ಆಡಿಕೊಂಡೆ. ನಿವೃತ್ತಿಯಾದ ಮಾರನೆಯ ದಿನವೇ ಅದನ್ನು ಕತ್ತರಿಸಿ ಒಲೆ ಒರೆಸುವ ಬಟ್ಟೆ ಮಾಡಿದೆ.

ಮನೆಯಲ್ಲಿ ಕೂತರೆ ತಪ್ಪು ಹುಡುಕಲು ಗಂಡ ಒಬ್ಬರೇ. ಎರಡು ತಿಂಗಳಿಗೆ ಅವರಲ್ಲಿದ್ದದ್ದೆಲ್ಲ ಮುಗಿಯಿತು. ಅಷ್ಟರಲ್ಲಿ ಹೊರಗಿನವರು ಕರೆಯಲು ಶುರುಮಾಡಿದರು. ಈಗ ಊರಿನ ಪೂರ್ವಕ್ಕೆಲ್ಲ ಯಾರು ನೋಡಿದರೂ ಬೆಂಕಿಯ ಟಾರ್ಚು ಹಿಡಿದಿದ್ದಾರೆ. ಶಿವಾಜಿನಗರದ ಗಲ್ಲಿಗಳಲ್ಲಿ ಚಿನ್ನ ಬೆಸೆಯುವವರು, ಕಮ್ಮನಹಳ್ಳಿಯಲ್ಲಿ ಫ್ರಿಜ್ಜಿನ ತಾಮ್ರದ ಪೈಪು ಬೆಸೆಯುವವರು, ದೊಡ್ಡನೆಕ್ಕುಂದಿಯಲ್ಲಿ ಇನ್ನೇನನ್ನೋ ಬೆಸೆಯುವವರು. ಗ್ಯಾಸ್ ಲೈನು ಹಾಕಿಸಿದ ಮೇಲೆ ಒಂದು ಸಲ ನೋಡಿ ಹೋಗಿ ಅಮ್ಮ ಅನ್ನುತ್ತಾರೆ. ಹೋಗಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇವರಿಗೆಲ್ಲ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪೇ ದೇವರು. ಕಾಲು ಮುರಿದವನಿಗೆ ಕಟ್ಟಿದ ಪಟ್ಟಿಯ ಹಾಗೆ ಸುತ್ತಿರುತ್ತಾರೆ. ರೆಗ್ಯುಲೇಟರು ಸಿಲಿಂಡರಿಗೆ ಕೂರುವ ಜಾಗದಲ್ಲಿ ಲೋಹಕ್ಕೆ ಲೋಹವೇ ಒತ್ತಿ ಕೂರಬೇಕು, ಅಲ್ಲಿ ಟೇಪಿನ ಕೆಲಸವೇ ಇಲ್ಲ. ಟೇಪು ಬೇಕಾದ ಕಡೆಯೂ ಎರಡೋ ಮೂರೋ ಸುತ್ತು, ತಿರುಪು ಹೋಗುವ ದಿಕ್ಕಿಗೇ, ತಿರುಪಿನ ಮೊದಲ ಗೆರೆ ಬಿಟ್ಟು. ಇಷ್ಟು ಹೇಳಿದರೆ "ಇರ್ಲಿ ಬಿಡಿ ಅಮ್ಮ, ಎಕ್ಸ್‌ಟ್ರಾ ಸೇಫ್ಟಿ" ಅನ್ನುತ್ತಾರೆ. ಕಮ್ಮನಹಳ್ಳಿಯ ಫ್ರಿಜ್ ರಿಪೇರಿಯವನೊಬ್ಬ ಸೋಪು ನೀರು ಯಾಕೆ, ಲೈಟರ್ ಹಿಡಿದರೆ ಗೊತ್ತಾಗುತ್ತಲ್ಲ ಅಂದ. "ಹಿಡಿ, ನಾನು ರಸ್ತೆ ಆ ಕಡೆ ನಿಂತ್ಕೊಂಡು ನೋಡ್ತೀನಿ" ಅಂದೆ. ಇನ್ನೊಬ್ಬ ತನ್ನ ಮೂಗು ಬಹಳ ಚುರುಕು, ಲೀಕಾದರೆ ತಕ್ಷಣ ಗೊತ್ತಾಗುತ್ತದೆ ಅಂದ. ಆಕ್ಸಿಜನ್ನಿಗೆ ವಾಸನೆಯೇ ಇಲ್ಲ ಅಂತ ಆ ಚುರುಕು ಮೂಗಿಗೆ ಯಾರೂ ಹೇಳಿರಲಿಲ್ಲ. ಸಿಲಿಂಡರಿನ ಬಾಯಿ ಮುಚ್ಚಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಅಂತ ಹದಿನೈದು ನಿಮಿಷ ನೋಡಬೇಕು. ಹದಿನೈದು ನಿಮಿಷ ಒಂದು ಮುಳ್ಳನ್ನು ನೋಡುವ ಯೋಗ್ಯತೆ ಈ ಊರಿನಲ್ಲಿ ಯಾರಿಗೂ ಉಳಿದಿಲ್ಲ. ಎರಡನೆಯ ನಿಮಿಷಕ್ಕೆ ಕೈ ಜೇಬಿಗೆ ಹೋಗುತ್ತದೆ, ಫೋನು ಹೊರಗೆ ಬರುತ್ತದೆ.

ಇವೆಲ್ಲ ದಡ್ಡತನ. ದಡ್ಡತನವನ್ನು ಬೈದು ತಿದ್ದಬಹುದು. ನಾನು ಕ್ಷಮಿಸದ ತಪ್ಪು ಒಂದೇ, ಆಕ್ಸಿಜನ್ನಿನ ಹತ್ತಿರ ಎಣ್ಣೆ ಕೈ ತರುವುದು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಶೆಡ್ಡಿನ ಹಿರಿಯ ಕೆಲಸಗಾರನೊಬ್ಬ, ರೆಗ್ಯುಲೇಟರಿನ ನಟ್ಟು ಬಿಗಿಯಾಗಿದೆ ಅಂತ ಬೆರಳ ತುದಿಯಷ್ಟು ಗ್ರೀಸು ಸವರಿದ. ಸಿಲಿಂಡರಿನ ಬಾಯಿ ತಿರುಗಿಸಿದ್ದೇ ತಡ, ರೆಗ್ಯುಲೇಟರಿನ ಹೊಟ್ಟೆಯೊಳಗಿಂದಲೇ ಬೆಂಕಿ ಬಂತು. ಕಿಡಿ ಇಲ್ಲ, ಕಡ್ಡಿ ಗೀರಿಲ್ಲ. ಸಿಲಿಂಡರಿನ ಒತ್ತಡದಲ್ಲಿ ಆಕ್ಸಿಜನ್ ಎಣ್ಣೆಗೆ ತಾಗಿದರೆ ಅಷ್ಟೇ ಸಾಕು. ಅವನ ಹುಬ್ಬು ಮತ್ತೆ ಬೆಳೆಯಿತು, ಎರಡು ಬೆರಳು ಬೆಳೆಯಲಿಲ್ಲ. ಅವತ್ತಿನಿಂದ ನಾನು ಯಾರ ಮುಖವನ್ನೂ ಮೊದಲು ನೋಡುವುದಿಲ್ಲ, ಕೈ ನೋಡುತ್ತೇನೆ.

ಕಳೆದ ದಸರಾಕ್ಕೆ ಮುಂಚೆ ಇಂದಿರಾನಗರದಿಂದ ಕರೆ ಬಂತು. ಗಾಜಿನ ಕಡ್ಡಿಯನ್ನು ಟಾರ್ಚಿನ ಬೆಂಕಿಯಲ್ಲಿ ಕರಗಿಸಿ ಮಣಿ ಮಾಡುವುದನ್ನು ಕಲಿಸುವ ಸ್ಟುಡಿಯೋ ಅಂತೆ. ಕರೆದವಳು ಮೂವತ್ತರ ಆಸುಪಾಸಿನ ಹುಡುಗಿ. ಕೆ.ಆರ್. ಪುರದ ಆಚೆಯ ಹಳೆಯ ಹಳ್ಳಿಯೊಂದರ ಜಮೀನುದಾರರ ಮನೆಯವಳು. ಅಜ್ಜ ರಾಗಿ ಬೆಳೆದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ, ಮೊಮ್ಮಗಳು ಮಣಿ ಮಾಡುತ್ತಾಳೆ. "ಆಂಟಿ, ಸೇಫ್ಟಿ ಅಂದ್ರೆ ನಂಗೆ ತುಂಬಾ ಇಂಪಾರ್ಟೆಂಟ್" ಅಂದಳು. ಹೇಳುವಾಗ ಕಾಲಲ್ಲಿ ಹವಾಯಿ ಚಪ್ಪಲಿ. ಕರಗಿದ ಗಾಜು ಪಾದದ ಮೇಲೆ ಬಿದ್ದರೆ ಸೇಫ್ಟಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಮಾರನೆಯ ದಿನ ಶೂ ಹಾಕಿಕೊಂಡಳು.

ನಾನು ಮೆಟ್ರೋದಲ್ಲಿ ಹೋಗಿಬರುತ್ತಿದ್ದೆ. ಚೀಲದಲ್ಲಿ ಸೋಪು ನೀರಿನ ಬಾಟಲಿ. ಸ್ಟೇಷನ್ನಿನ ಸೆಕ್ಯೂರಿಟಿಯವಳು ದಿನಾ ಅದನ್ನು ಬಿಚ್ಚಿಸಿ ಮೂಸುತ್ತಿದ್ದಳು. "ಏನಿದು?" ಅಂದರೆ "ಸೋಪು ನೀರು." "ಯಾಕೆ?" "ಗುಳ್ಳೆ ಬಿಡೋಕೆ." ಅರವತ್ತೆರಡು ವರ್ಷದ ಹೆಂಗಸು ಗುಳ್ಳೆ ಬಿಡಲು ಇಂದಿರಾನಗರಕ್ಕೆ ಹೋಗುತ್ತಾಳೆ ಅಂದರೆ ಅವಳು ನಂಬಿದಳು. ಆ ಏರಿಯಾಕ್ಕೆ ಹೋಗುವವರ ಬಗ್ಗೆ ಏನು ಬೇಕಾದರೂ ನಂಬಬಹುದು ಅಂತ ತೋರುತ್ತದೆ.

ಸ್ಟುಡಿಯೋದ ಪೈಪು ಹಾಕಿದವನು ಶಿವಾಜಿನಗರದ ಒಬ್ಬ ಫಿಟ್ಟರ್. ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಸಿಲಿಂಡರು ಕೊಡುವ ಗ್ಯಾಸ್ ಡೀಲರನೇ ಅವನನ್ನು ಕಳಿಸಿದ್ದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಅಕ್ಕಸಾಲಿಗರಿಗೆ ಲೈನು ಹಾಕಿಯೇ ಕೆಲಸ ಕಲಿತವನಂತೆ. ಅಷ್ಟು ಕೇಳಿದ್ದೇ ನಾನು ತೀರ್ಮಾನಕ್ಕೆ ಬಂದಾಗಿತ್ತು. ಗಲ್ಲಿಯಲ್ಲಿ ಕಲಿತವನು, ಟ್ರೈನಿಂಗ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಆಕ್ಸಿಜನ್ನಿನ ರೆಗ್ಯುಲೇಟರ್ ಕೂರಿಸುವ ಮುಂಚೆ ಹುಡುಗಿಯ ಎದುರೇ ಅವನಿಗೆ ಹೇಳಿದೆ.

"ಮೊದ್ಲು ಕೈ ತೊಳ್ಕೊಂಡು ಬಾ."

ತೊಳೆದು ಬಂದ. "ಇನ್ನೊಂದ್ಸಲ" ಅಂದೆ. ಮತ್ತೆ ಹೋದ. ಎರಡನೆಯ ಸಲ ಬಂದಾಗ ಅವನ ಅಂಗೈ ತಿರುಗಿಸಿ ನೋಡಿ, ಉಗುರಿನ ಸಂದು ತೋರಿಸಿ ಮೂರನೆಯ ಸಲ ಕಳಿಸಿದೆ. ಉಗುರಿನಲ್ಲಿ ಏನೂ ಇರಲಿಲ್ಲ. ಸ್ಕೂಲಿನಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ನೋಡುತ್ತಾರಲ್ಲ, ಹಾಗೆ ನೋಡಿದೆ. ಅವನು ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡು ಬಂದು ಕೆಲಸ ಮುಗಿಸಿದ.

ಆಮೇಲೆ ನಾನು ಕುಂಚ ಹಿಡಿದೆ. ಒಂದು ಗಂಟೆ ಪ್ರತಿ ಜಾಯಿಂಟಿಗೂ ಹಚ್ಚಿದೆ. ಗೋಡೆಗೆ ಅಂಟಿದ ಪೈಪಿನ ಹಿಂಭಾಗ ಕಾಣಲಿ ಅಂತ ಕೈಗನ್ನಡಿ ಹಿಡಿದು ನೋಡಿದೆ. ಒಂದೂ ಗುಳ್ಳೆ ಇಲ್ಲ. ಬಾಯಿ ಮುಚ್ಚಿ ಹದಿನೈದು ನಿಮಿಷ ಮುಳ್ಳು ನೋಡಿದೆ. ಅಲುಗಲಿಲ್ಲ. ಅವನೂ ಪಕ್ಕದಲ್ಲೇ ನಿಂತು ಹದಿನೈದು ನಿಮಿಷವೂ ಮುಳ್ಳನ್ನೇ ನೋಡಿದ, ಫೋನು ತೆಗೆಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಅದು ಹಿಡಿಸಲಿಲ್ಲ. ತಪ್ಪು ಸಿಗದ ದಿನ ನನಗೆ ಊಟ ಮಾಡದ ಹಾಗಿರುತ್ತದೆ. ಚೀಟಿಗೆ ಸಹಿ ಹಾಕಿ, "ಪರ್ವಾಗಿಲ್ಲ" ಅಂದೆ. ಅಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ನನ್ನ ಬಾಯಿಂದ ಬಂದದ್ದು ಆ ಒಂದು ಮಾತು.

ತರಗತಿ ವಿಜಯದಶಮಿಯ ದಿನ ಶುರು. ಹಿಂದಿನ ದಿನ ಆಯುಧಪೂಜೆ. ಹುಡುಗಿಯ ತಾಯಿ ಹಳ್ಳಿಯ ಮನೆಯಿಂದ ಕಾರಿನ ತುಂಬ ಸಾಮಾನು ತುಂಬಿಕೊಂಡು ಬಂದರು. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು, ಸೇವಂತಿಗೆಯ ಮಾರು, ಎಣ್ಣೆ ತುಂಬಿದ ಎರಡು ಕಂಬದ ದೀಪ. ನನ್ನ ಕಣ್ಣು ಆ ಎಣ್ಣೆಯ ಮೇಲೇ ನಿಂತಿತು. ಆಯುಧಪೂಜೆಯ ದಿನ ಈ ಊರಿನಲ್ಲಿ ಕುಂಕುಮ ಬೀಳದ ಕಬ್ಬಿಣ ಇರುವುದಿಲ್ಲ. ಬಸ್ಸಿಗೂ ಇಡುತ್ತಾರೆ, ಬೀಗಕ್ಕೂ ಇಡುತ್ತಾರೆ, ಫ್ರಿಜ್ಜಿಗೂ ಇಡುತ್ತಾರೆ. ದೀಪದ ಬತ್ತಿ ತಿದ್ದಿದ ಬೆರಳಲ್ಲೇ ಇಡುತ್ತಾರೆ.

ಆ ತಾಯಿ ಕುಂಕುಮದ ಬಟ್ಟಲು ಹಿಡಿದು ನೇರ ಆಕ್ಸಿಜನ್ ಸಿಲಿಂಡರಿನ ಹತ್ತಿರ ಹೋದರು. ನಾನು ಅಡ್ಡ ನಿಂತೆ.

"ಏನಕ್ಕಾ, ಎಲ್ಲಾ ಮಿಷಿನ್ಗೂ ಅರಿಶ್ನ ಕುಂಕ್ಮ ಇಕ್ತೀವಿ, ಇದ್ಕ್ ಮಾತ್ರ ಬ್ಯಾಡ್ವಾ?"

"ಬೇಡ. ಬೇಕಾದ್ರೆ ಗೋಡೆಗಿಡಿ, ಕುರ್ಚಿಗಿಡಿ. ಇದಕ್ಕೆ ಎಣ್ಣೆ ಕೈ ತಾಗಿದ್ರೆ ನಾಳೆ ನಿಮ್ ಮಗಳ ಮುಖ ಇರಲ್ಲ."

ಹಬ್ಬದ ದಿನ ಆಡುವ ಮಾತಲ್ಲ ಅದು. ಕುಂಕುಮ ಕುರ್ಚಿಗೆ ಹೋಯಿತು. ಹೂವಿನ ಮಾರು ಬಾಗಿಲಿಗೆ, ದೀಪ ಹೊರಗಿನ ಮೆಟ್ಟಿಲಿಗೆ. ಫಿಟ್ಟರ್ ಅವತ್ತು ಸಿಲಿಂಡರು ಬೀಳದ ಹಾಗೆ ಗೋಡೆಗೆ ಸರಪಳಿ ಬಿಗಿಯಲು ಬಂದಿದ್ದ. ಅವನಿಗೂ ಒಂದು ಪೊಟ್ಟಣದಲ್ಲಿ ಪುರಿ, ಖಾರಾಬೂಂದಿ ಕೊಟ್ಟರು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದ. ಅದನ್ನೂ ನೋಡಿ ಮನಸ್ಸಿನಲ್ಲಿಟ್ಟುಕೊಂಡೆ. ಅವತ್ತೆಲ್ಲ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಸಿಲಿಂಡರು ಕಾದೆ.

ಹಬ್ಬ ಅಂತ ನಾನೂ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಮಲ್ಲಿಗೆ ಮುಡಿದು ಹೋಗಿದ್ದೆ. ನನ್ನ ಎಣ್ಣೆಯ ಬಗ್ಗೆ ಒಂದು ಮಾತು ಹೇಳಬೇಕು. ಅಂಗಡಿಯ ಬಾಟಲಿ ಎಣ್ಣೆ ಹಚ್ಚುವವರನ್ನು ಕಂಡರೆ ನನಗೆ ಕನಿಕರ. ನಾನು ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಹಾಕಿ ಮನೆಯಲ್ಲೇ ಕಾಯಿಸುತ್ತೇನೆ. ನನ್ನ ವಯಸ್ಸಿನವರೆಲ್ಲ ಬಣ್ಣ ಬಳಿದುಕೊಳ್ಳುತ್ತಿದ್ದಾರೆ, ನನ್ನ ಕೂದಲು ಇನ್ನೂ ಕಪ್ಪಗಿದೆ. ಪೂಜೆ ಮುಗಿದು ಎಲ್ಲರೂ ಬೂದುಗುಂಬಳ ಒಡೆಯಲು ಹೊರಗೆ ಹೋದಾಗ, ಕುಂಕುಮದ ಪುಡಿ ಏನಾದರೂ ಹಾರಿ ಒಳಗೆ ಹೋಗಿದ್ದರೆ ಅಂತ ನಾನು ಆಕ್ಸಿಜನ್ ರೆಗ್ಯುಲೇಟರನ್ನು ಬಿಚ್ಚಿ ನೋಡಿದೆ. ಚೊಕ್ಕಟವಾಗಿತ್ತು. ಜಾರುತ್ತಿದ್ದ ಮಲ್ಲಿಗೆಯನ್ನು ಸರಿಮಾಡಿಕೊಂಡು, ಮತ್ತೆ ಕೂರಿಸಿ, ಬಿಗಿದು ಮನೆಗೆ ಬಂದೆ.

ವಿಜಯದಶಮಿ ಬೆಳಿಗ್ಗೆ ಎಂಟು ಜನ ಕಲಿಯುವವರು ಹೊಸ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಬೆಂಕಿ ಹಚ್ಚುವ ಮುಂಚೆ ಟೆಸ್ಟ್ ಹೇಗೆ ಮಾಡಬೇಕು ಅಂತ ಅವರಿಗೆ ತೋರಿಸಬೇಕು ಅಂದಿದ್ದಳು ಹುಡುಗಿ. ನಾನು ರೆಗ್ಯುಲೇಟರ್ ಬಿಚ್ಚಿದೆ, ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಅದರ ಬಾಯೊಳಗೆ ತಿರುಗಿಸಿ ತೆಗೆದೆ. ಬಟ್ಟೆಯ ಮೇಲೆ ಕಲೆ. ಬೆರಳಲ್ಲಿ ಉಜ್ಜಿದರೆ ಜಿಡ್ಡು.

ಒಂದು ಕ್ಷಣ ಆ ಹಿರಿಯ ಕೆಲಸಗಾರನ ಕೈ ಕಣ್ಣ ಮುಂದೆ ಬಂತು. ಮರುಕ್ಷಣ ಬಂದದ್ದು ಸಂತೋಷ, ಮುಚ್ಚಿಡುವುದಿಲ್ಲ. ಕೊನೆಗೂ ಸಿಕ್ಕಿಬಿದ್ದ ಅಂತ.

ಫಿಟ್ಟರ್ ಅಲ್ಲೇ ಟೇಬಲ್ಲುಗಳಿಗೆ ಟಾರ್ಚು ಜೋಡಿಸುತ್ತಿದ್ದ. ಎಂಟು ಜನರ ಎದುರು, ಹುಡುಗಿ ಮತ್ತು ಅವಳ ತಾಯಿಯ ಎದುರು ಬಟ್ಟೆಯನ್ನು ಅವನ ಮುಖದ ಹತ್ತಿರ ಹಿಡಿದೆ.

"ಏನಿದು? ನಿನ್ನೆ ಬೂಂದಿ ತಿಂದ ಕೈಯಲ್ಲಿ ಮುಟ್ಟಿದ್ಯಾ?"

"ಇಲ್ಲ ಅಮ್ಮಾ. ನಾನು ಸರಪಳಿ ಹಾಕಿದ್ದು ಅಷ್ಟೇ. ರೆಗ್ಯುಲೇಟರ್ ಮುಟ್ಟಿಲ್ಲ."

"ಮತ್ತೆ ಯಾರು ಮುಟ್ಟಿದ್ರು? ಇವ್ರ್ ಯಾರಿಗೂ ಬಿಚ್ಚೋಕೆ ಬರಲ್ಲ."

ಅವನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಬೂಂದಿ ಎಣ್ಣೆ ಹಳ್ದಿ ಇರುತ್ತೆ. ಇದು ಹಸ್ರು ಇದೆ, ನೋಡಿ."

"ಹಿತ್ತಾಳೆ ಕಿಲುಬು ಸೇರಿದ್ರೆ ಹಸಿರಾಗುತ್ತೆ. ನಂಗೆ ಪಾಠ ಹೇಳ್ಬೇಡ."

ಹೊಚ್ಚ ಹೊಸ ರೆಗ್ಯುಲೇಟರಿನಲ್ಲಿ ಕಿಲುಬು ಎಲ್ಲಿಂದ ಬರಬೇಕು? ಅದನ್ನು ನನಗೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ರೆಗ್ಯುಲೇಟರನ್ನು ಬಿಚ್ಚಬಲ್ಲವರು ಅಲ್ಲಿ ಇಬ್ಬರೇ ಇದ್ದೆವು. ಮುಟ್ಟಿದವರನ್ನು ಎಣಿಸುವಾಗ ನಾನು ನನ್ನನ್ನು ಎಣಿಸಲೇ ಇಲ್ಲ.

ಅವನು ಇನ್ನೊಂದು ಸಲ "ನಾನಲ್ಲ ಅಮ್ಮಾ" ಅಂದ. ನಾನು "ಇಂಥೋರಿಂದಲೇ ಜನ ಕೈ ಕಾಲು ಕಳ್ಕೊಳ್ಳೋದು" ಅಂದೆ. ಎಂಟು ಜನ ಏಪ್ರನ್ನಿನವರು ಅವನ ಕೈಯನ್ನೇ ನೋಡಿದರು. ಹುಡುಗಿ ಮುಜುಗರದಿಂದ "ಭಯ್ಯಾ, ನೀವು ಇವತ್ತು ಹೋಗ್ಬಿಡಿ, ಪ್ಲೀಸ್" ಅಂದಳು. ಅವನು ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದ. ನಾನು ಅಷ್ಟಕ್ಕೇ ಬಿಡಲಿಲ್ಲ. ಅಲ್ಲಿಂದಲೇ ಗ್ಯಾಸ್ ಡೀಲರಿಗೆ ಫೋನು ಮಾಡಿ, ಇವನನ್ನು ಇನ್ನು ಆಕ್ಸಿಜನ್ ಕೆಲಸಕ್ಕೆ ಎಲ್ಲಿಗೂ ಕಳಿಸಬಾರದು ಅಂದೆ. ನನ್ನ ಮಾತಿಗೆ ಆ ಕಡೆ ಬೆಲೆ ಇತ್ತು. ಡೀಲರು ಅವನನ್ನು ಫಿಟ್ಟಿಂಗ್ ಬಿಡಿಸಿ ಗಾಡಿಗೆ ಸಿಲಿಂಡರು ಏರಿಸಿ ಇಳಿಸುವ ಕೆಲಸಕ್ಕೆ ಹಾಕಿದ. ಅದು ತಿಳಿದಾಗ ನನ್ನ ಹೊಟ್ಟೆ ತಣ್ಣಗಾಯಿತು.

ಡೀಲರು ಬೇರೆ ರೆಗ್ಯುಲೇಟರನ್ನೂ ಬೇರೆ ಫಿಟ್ಟರನ್ನೂ ಕಳಿಸಿದ. ಹೊಸಬ ಬಂದವನೇ ಟೇಪಿನ ಸುರುಳಿ ಹಲ್ಲಲ್ಲಿ ಕಚ್ಚಿ ಹರಿದ. ಅವನು ಬಿಗಿದ ಮೊದಲ ಜಾಯಿಂಟಿಗೇ ಸೋಪು ನೀರು ಹಚ್ಚಿದರೆ ಮೂರು ಗುಳ್ಳೆ ಬುಳುಬುಳು ಅಂತ ಎದ್ದವು. ಬೈದು ಬಿಚ್ಚಿಸಿದೆ, ಮತ್ತೆ ಹಾಕಿಸಿದೆ. ನನಗೆ ಬೇಕಾದಷ್ಟು ತಪ್ಪು ಸಿಗುತ್ತಿತ್ತು. ಹತ್ತು ಹನ್ನೆರಡು ದಿನ ಬಹಳ ಖುಷಿಯಲ್ಲಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ನೆನೆಹಾಕಲು ದಿಂಬಿನ ಕವರು ತೆಗೆದೆ. ನಮ್ಮ ಮನೆಯಲ್ಲಿ ಕವರುಗಳೆಲ್ಲ ಬಿಳಿ. ನನ್ನ ದಿಂಬಿನ ಮಧ್ಯದಲ್ಲಿ ತಲೆ ಇಡುವ ಜಾಗಕ್ಕೆ ಒಂದು ಕಲೆ, ಯಾವಾಗಲೂ ಇರುವಂಥದ್ದು. ನಲವತ್ತು ವರ್ಷದಿಂದ ಅದನ್ನು ಉಜ್ಜುತ್ತಿದ್ದೇನೆ, ಯಾವತ್ತೂ ನೋಡಿರಲಿಲ್ಲ. ಅವತ್ತು ಬಾಲ್ಕನಿಯ ಬಿಸಿಲಿಗೆ ಹಿಡಿದಾಗ ಕಂಡಿತು, ಅದು ಹಸಿರು.

ಸ್ಟುಡಿಯೋದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದೆ. ತಪ್ಪಾದ ವಸ್ತುವನ್ನು ಸಾಕ್ಷಿಗೆ ಎತ್ತಿಡುವುದು ಕಾರ್ಖಾನೆಯ ಅಭ್ಯಾಸ. ತಂದು ದಿಂಬಿನ ಕವರಿನ ಪಕ್ಕ ಇಟ್ಟೆ. ಮೂಸಿದೆ. ಗರುಗದ ಸೊಪ್ಪಿನ ಕಮಟು, ಮೆಂತ್ಯದ ಕಹಿ. ಇನ್ನೊಂದು ಸಲ ಮೂಸಬೇಕಾಗಿರಲಿಲ್ಲ. ಆದರೂ ಮೂಸಿದೆ, ಬೇರೆ ಏನಾದರೂ ಇರಬಹುದು ಅಂತ.

ಜಾರುತ್ತಿದ್ದ ಮಲ್ಲಿಗೆ ನೆನಪಾಯಿತು. ಅದನ್ನು ಸರಿಮಾಡಿದ ಬೆರಳು ನೆನಪಾಯಿತು. ಆ ಬೆರಳೇ ರೆಗ್ಯುಲೇಟರಿನ ಬಾಯಿ ಹಿಡಿದು ಕೂರಿಸಿತ್ತು. ಊರಿನವರ ಕೈಯನ್ನೆಲ್ಲ ತಿರುಗಿಸಿ ನೋಡಿದವಳು ನನ್ನ ಕೈ ನೋಡಿಕೊಂಡಿರಲಿಲ್ಲ. ಮತ್ತೆ ಆ ಟೋಪಿ. ಮೂವತ್ತೊಂದು ವರ್ಷ ನಾನು ಆಡಿಕೊಂಡು ನಕ್ಕ ಆ ಬೂದು ಟೋಪಿ, ಎಣ್ಣೆ ಹಚ್ಚಿದ ತಲೆಗೆ ಕೈ ಹೋಗದಿರಲಿ ಅಂತಲೇ ಇತ್ತು. ನಿಯಮ ಮಾಡಿದವನಿಗೆ ನನ್ನಂಥವರು ಚೆನ್ನಾಗಿ ಗೊತ್ತಿದ್ದರು. ಅಡುಗೆಮನೆಗೆ ಹೋಗಿ ನೋಡಿದರೆ ಆ ಟೋಪಿಯ ತುಂಡು ಒಲೆಯ ಪಕ್ಕ ಸಾರಿನ ಕಲೆ ಮಾಡಿಕೊಂಡು ಬಿದ್ದಿತ್ತು.

ಬಟ್ಟೆಯನ್ನು ಬಕೆಟಿಗೆ ಹಾಕಿ ತೊಳೆದುಬಿಟ್ಟಿದ್ದರೆ ಮುಗಿದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಅದೇ ಯೋಚನೆ ಮಾಡಿದೆ ಅನ್ನುವುದನ್ನೂ ಬರೆಯುತ್ತೇನೆ. ಮೂವತ್ತೊಂದು ವರ್ಷದ ಸಹಿ, ಮರ್ಯಾದೆ, ಪೂರ್ವದ ವರ್ಕ್‌ಶಾಪುಗಳಲ್ಲಿ ನನಗಿದ್ದ ಹೆಸರು ಎಲ್ಲ ಲೆಕ್ಕ ಹಾಕಿದೆ. ಬೇರೆಯವರ ಲೀಕು ಹುಡುಕುವಾಗ ಒಂದು ಗಂಟೆ ಕುಂಚ ಹಿಡಿಯುವ ನಾನು ನನ್ನದಾದ ಕೂಡಲೇ ಟೇಪು ಸುತ್ತಲು ಹೊರಟಿದ್ದೆ. ಜನ್ಮದಲ್ಲಿ ನಾನು ಯಾವ ಫಿಟ್ಟರನನ್ನೂ ಆ ಎರಡು ದಿನ ನನ್ನನ್ನು ಬೈದುಕೊಂಡಷ್ಟು ಬೈದಿಲ್ಲ.

ಮೂರನೆಯ ದಿನ ಹುಡುಗಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. "ಅಯ್ಯೋ ಆಂಟಿ, ಚಿಲ್! ಏನೂ ಆಗ್ಲಿಲ್ವಲ್ಲ. ಯಾರಿಗೂ ಹೇಳೋದು ಬೇಡ ಬಿಡಿ." ಏನೂ ಆಗಲಿಲ್ಲವಂತೆ. ಅವಳ ಕ್ಷಮೆ ನನಗೆ ಅವಳ ಹವಾಯಿ ಚಪ್ಪಲಿಗಿಂತ ಅಗ್ಗವಾಗಿ ಕಂಡಿತು. ಡೀಲರಿಗೂ ಫೋನು ಮಾಡಿ ಹೇಳಿದರೆ "ಬಿಡಮ್ಮಾ, ಅವ್ನೀಗ ಲೋಡಿಂಗ್ನಲ್ಲಿ ಸೆಟ್ ಆಗವ್ನೆ" ಅಂದ. ಇನ್ನು ಮುಂದೆ ಅವನು ಹಾಕಿದ ಲೈನಿಗೆ ಮಾತ್ರ ನನ್ನ ಸಹಿ ಅಂತ ಹೇಳಿದೆ. "ಹಂಗಾದ್ರೆ ನೀವೇ ಬಂದು ಕರೀರಿ. ನಾನ್ ಕರೆದ್ರೆ ಅವ್ನು ಬರಲ್ಲ" ಅಂದ.

ಡೀಲರನ ಗೋಡೌನು ಶಿವಾಜಿನಗರದಲ್ಲಿ, ಮಾರುಕಟ್ಟೆಯಿಂದ ಎರಡು ಗಲ್ಲಿ ಆಚೆ. ಹೂವಿನ ಸಾಲು ದಾಟಿ, ಮಾಂಸದ ಅಂಗಡಿಗಳ ಮುಂದಿನ ನೀರು ತುಳಿದುಕೊಂಡು ಹೋದೆ. ಅವನು ಸಿಲಿಂಡರೊಂದನ್ನು ಓರೆಮಾಡಿ, ಅಡಿಯ ಅಂಚಿನ ಮೇಲೆ ಉರುಳಿಸಿಕೊಂಡು ಗಾಡಿಯ ಕಡೆ ಬರುತ್ತಿದ್ದ. ನನ್ನನ್ನು ಕಂಡು ನಿಂತ. ನಮಸ್ಕಾರ ಅನ್ನಲಿಲ್ಲ. ಯಾಕೆ ಅನ್ನಬೇಕು?

ಕವರಿನಿಂದ ಬಟ್ಟೆ ತೆಗೆದೆ. ದಿಂಬಿನ ಕವರನ್ನೂ ಮಡಿಸಿ ತಂದಿದ್ದೆ, ಅದನ್ನೂ ತೆಗೆದೆ. ಗಾಡಿಯ ಹಲಗೆಯ ಮೇಲೆ ಎರಡನ್ನೂ ಹರಡಿ, "ಅದು ನನ್ನ ತಲೆ ಎಣ್ಣೆ. ಪೂಜೆ ದಿನ ನಾನೇ ಬಿಚ್ಚಿ ಹಾಕಿದ್ದೆ. ನೀವು ಮುಟ್ಟಿರಲಿಲ್ಲ" ಅಂದೆ. ಗಾಡಿಯ ಡ್ರೈವರು, ಇನ್ನಿಬ್ಬರು ಲೋಡಿಂಗಿನವರು ನಿಂತು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಅಂತಲೇ ಜೋರಾಗಿ ಹೇಳಿದ್ದೆ.

ಅವನು ಬಟ್ಟೆ ನೋಡಿದ. "ನಾನು ಅವತ್ತೇ ಹೇಳ್ದೆ. ಹಸ್ರು ಅಂತ."

"ಹೌದು, ಹೇಳಿದ್ರಿ."

ಅವನು ಗ್ಲೌಸು ತೆಗೆದ. ಬೈಯುತ್ತಾನೆ ಅಂದುಕೊಂಡೆ, ಬೈಯಲಿ ಅಂತ ಕಾದೆ. ಅವನು ಅಂಗೈ ಮೇಲೆ ಮಾಡಿ ತೋರಿಸಿದ. ಬೆರಳ ಸಂದಿಯೆಲ್ಲ ಒಡೆದು ಸೀಳು ಬಿಟ್ಟಿತ್ತು. ಸಿಲಿಂಡರು ಹೊತ್ತು ಆದ ಗಾಯ ಅಲ್ಲ ಅದು.

"ದಿನಾ ಹತ್ತು ಸಲ ತೊಳೀತಿದ್ದೆ ಅಮ್ಮಾ. ತಲೆಗೆ ಎಣ್ಣೆ ಹಾಕೋದು ಬಿಟ್ಟೆ. ಮನೇಲಿ ಊಟ ಚಮಚದಲ್ಲಿ ಮಾಡ್ದೆ. ನೀವು ಅಷ್ಟು ವರ್ಷ ಕೆಲ್ಸ ಮಾಡಿದೋರು, ಸುಳ್ಳು ಹೇಳಲ್ಲ ಅಂದ್ಕೊಂಡೆ. ನನ್ನ ಕೈಯಲ್ಲೇ ಏನೋ ಇದೆ, ನಂಗೆ ಕಾಣ್ತಿಲ್ಲ ಅಂದ್ಕೊಂಡೆ."

ಎಂಟು ಜನರ ಎದುರು ಅವನ ನೀರಿಳಿಸಿದ್ದು ಒಂದು. ಅವನು ನನ್ನ ಮಾತು ನಂಬಿ ತನ್ನ ಕೈಯನ್ನೇ ಅನುಮಾನಿಸುತ್ತ ಕೂತದ್ದು ಇನ್ನೊಂದು. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ತಪ್ಪಾಯಿತು ಅಂದೆ. ವಾಪಸ್ ಫಿಟ್ಟಿಂಗಿಗೆ ಬನ್ನಿ, ಸ್ಟುಡಿಯೋಗೂ ಬನ್ನಿ ಅಂದೆ. "ಆ ಎಂಟು ಜನ ಇರೋ ದಿನ ಬರ್ತೀನಿ" ಅಂದು ಗ್ಲೌಸು ಹಾಕಿಕೊಂಡು ಸಿಲಿಂಡರು ಉರುಳಿಸಿದ.

ಮುಂದಿನ ಶನಿವಾರ ಆ ಎಂಟು ಜನ ಇದ್ದರು. ನಾನು ಹಳೆಯ ಲಂಗದ ಬಟ್ಟೆಯಲ್ಲಿ ಒಂದು ಟೋಪಿ ಹೊಲಿದುಕೊಂಡು ಹೋಗಿದ್ದೆ, ಹಿಂದೆ ಎಲಾಸ್ಟಿಕ್. ಹುಡುಗಿ ಅದನ್ನು ನೋಡಿ "ಸೋ ಕ್ಯೂಟ್ ಆಂಟಿ" ಅಂದಳು. ಎಂಟು ಜನಕ್ಕೂ ಅವತ್ತಿನ ಎಣ್ಣೆ ಯಾರದ್ದು ಅಂತ ಹೇಳಿದೆ. ಕೆಲವರು ನೆಲ ನೋಡಿದರು, ಒಬ್ಬ ಫೋನು ನೋಡಿದ. ಫಿಟ್ಟರ್ ಹೊಸಬ ಹಾಕಿದ್ದ ಜಾಯಿಂಟುಗಳನ್ನೆಲ್ಲ ಬಿಚ್ಚಿ, ಸುತ್ತಿದ್ದ ಟೇಪು ಕಿತ್ತು, ತನ್ನ ಪದ್ಧತಿಯಲ್ಲಿ ಮತ್ತೆ ಕೂರಿಸಿದ. ಆಮೇಲೆ ಆಕ್ಸಿಜನ್ ರೆಗ್ಯುಲೇಟರನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟ. ಪರೀಕ್ಷೆ ಮಾಡುವ ಸರದಿ ನನ್ನದು. ಕೈ ಚಾಚಿದೆ.

ಅವನು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಮೊದ್ಲು ಕೈ, ಅಮ್ಮಾ."

ಜೋರಾಗಿ ಹೇಳಲಿಲ್ಲ. ಸೋಪಿನ ಡಬ್ಬಿ ಮುಂದೆ ಹಿಡಿದಿದ್ದ. ಹೋಗಿ ತೊಳೆದು ಬಂದೆ. "ಇನ್ನೊಂದ್ಸಲ" ಅಂದ. ತೊಳೆದೆ. ಅಂಗೈ ತೋರಿಸಿದೆ, ನೋಡಿದ, ಉಗುರಿನ ಸಂದು ತೋರಿಸಿ ಮೂರನೆಯ ಸಲ ಕಳಿಸಿದ. ಎಂಟು ಜನವೂ ನೋಡುತ್ತಿದ್ದರು. ಮೂರನೆಯ ಸಲ ಬಂದು ನಿಂತಾಗ ಅವನು ನನ್ನ ಕೈ ನೋಡಲಿಲ್ಲ, ಮುಖ ನೋಡಿದ. ಆಮೇಲೆ ತನ್ನ ಕಿವಿಯ ಹತ್ತಿರ ಬೆರಳು ತೋರಿಸಿದ.

"ಇಲ್ಲಿ ಒಂದು ಹೊರಗಿದೆ, ಅಮ್ಮಾ."

ಟೋಪಿಯಿಂದ ತಪ್ಪಿಸಿಕೊಂಡಿದ್ದ ಒಂದು ಎಳೆ. ಬೆರಳಲ್ಲಿ ಹಿಡಿದು ಒಳಗೆ ಸೇರಿಸಿಕೊಂಡೆ. ಅವನು ಸೋಪಿನ ಡಬ್ಬಿಯನ್ನು ಮತ್ತೆ ಮುಂದೆ ಹಿಡಿದ.